ಕೈಬರಹಕ್ಕೆ ಇಪ್ಪತ್ತು ಅಂಕ: ಕವನ ಸ್ಪರ್ಧೆ ನಡೆಸುವವರಿಗೆ ಒಂದು ಬಹಿರಂಗ ಪತ್ರ

ದಾವಣಗೆರೆಯಲ್ಲಿ ರಾಜ್ಯೋತ್ಸವಕ್ಕೆ ಕವನ ಸ್ಪರ್ಧೆ ನಡೆಸುವ ಎಲ್ಲಾ ಸಂಘಗಳ ಅಧ್ಯಕ್ಷರು, ಕಾರ್ಯದರ್ಶಿಗಳು ಮತ್ತು ಖಜಾಂಚಿಗಳಿಗೆ,

ನಮಸ್ಕಾರ.

ಖಜಾಂಚಿಗಳನ್ನು ಯಾಕೆ ಎಳೆದು ತಂದಳು ಅಂತ ಅನ್ನಿಸಬಹುದು. ಪತ್ರದ ಕೊನೆಗೆ 56 ರೂಪಾಯಿ ಖರ್ಚಿನ ಮಾತು ಬರುತ್ತದೆ. ಅದಕ್ಕೆ.

ನಾನು ಕವಿಯಲ್ಲ, ಮೊದಲೇ ಹೇಳಿಬಿಡುತ್ತೇನೆ. ನಮ್ಮೂರಿನ ಪ್ರೆಸ್ಸುಗಳಲ್ಲಿ ಮೂವತ್ತು ವರ್ಷಕ್ಕೂ ಜಾಸ್ತಿ ಕೆಲಸ ಮಾಡಿದವಳು. ಮೊದಲು ಅಚ್ಚಿನ ಮೊಳೆ ಜೋಡಿಸಿದೆ, ಆಮೇಲೆ ಕಂಪ್ಯೂಟರಿನಲ್ಲಿ ಡಿಟಿಪಿ ಕಲಿತೆ, ಕಡೆಕಡೆಗೆ ಬರೀ ಪ್ರೂಫ್ ನೋಡಿದೆ. ಮದುವೆ ಕಾರ್ಡು, ಗೃಹಪ್ರವೇಶದ ಕಾರ್ಡು, ಶಿವಗಣಾರಾಧನೆ ಕಾರ್ಡು, ಎಲೆಕ್ಷನ್ ಬಂದರೆ ಕರಪತ್ರ. ಇವುಗಳ ನಡುವೆ ಸಂದು ಸಿಕ್ಕಾಗ ಕವನ ಸಂಕಲನ. 1992ರಲ್ಲಿ ನಮ್ಮೂರಿನಲ್ಲಿ ಸಾಹಿತ್ಯ ಸಮ್ಮೇಳನ ಆಯಿತಲ್ಲ, ಜಿ.ಎಸ್. ಶಿವರುದ್ರಪ್ಪನವರು ಅಧ್ಯಕ್ಷರಾಗಿದ್ದರು, ಆಗ ನಾನು ಕೆಲಸಕ್ಕೆ ಹೊಸಬಳು. ಸಮ್ಮೇಳನದ ಹೊತ್ತಿಗೆ ಪುಸ್ತಕ ಕೈಗೆ ಬರಬೇಕು ಅಂತ ಕವಿಗಳು ಹಸ್ತಪ್ರತಿ ಹಿಡಿದು ಪ್ರೆಸ್ ಬಾಗಿಲಲ್ಲಿ ನಿಲ್ಲುತ್ತಿದ್ದರು. ರಾತ್ರಿ ಹತ್ತಾದರೂ ಟ್ರೆಡಲ್ ಮೆಷಿನ್ ನಿಲ್ಲುತ್ತಿರಲಿಲ್ಲ.

ಮೊಳೆ ಜೋಡಿಸಿದವರಿಗೆ ಒಂದು ಅಭ್ಯಾಸ ಅಂಟಿಕೊಳ್ಳುತ್ತದೆ. ಮೊಳೆ ಕೂರಿಸುವ ಸ್ಟಿಕ್ಕಿನಲ್ಲಿ ಅಕ್ಷರ ತಲೆಕೆಳಗಾಗಿ ಕಾಣುತ್ತದೆ. ಒತ್ತಕ್ಷರದ ಮೊಳೆಯೇ ಬೇರೆ, ಅದನ್ನು ಹುಡುಕಿ ಕೂರಿಸಬೇಕು. ಸಾಲಿನ ಅರ್ಥ ಏನು ಅಂತ ಯೋಚಿಸುತ್ತಾ ಕೂತರೆ ಕೈ ನಿಂತುಹೋಗುತ್ತದೆ, ಮಾಲೀಕರು ಬೈಯುತ್ತಾರೆ. ಹಾಗಾಗಿ ಅರ್ಥದ ಗೊಡವೆಗೆ ನಾವು ಹೋಗುತ್ತಿರಲಿಲ್ಲ. ಅಕ್ಷರ ನೋಡುತ್ತಿದ್ದೆವು, ಅಷ್ಟೇ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಈ ಸಲ ಅಕ್ಟೋಬರ್‌ನಲ್ಲಿ ನಿಮ್ಮಲ್ಲೊಬ್ಬರು ಮನೆಗೆ ಬಂದು, "ಅಕ್ಕಾ, ಊರಿನ ಕವಿಗಳನ್ನೆಲ್ಲಾ ಓದಿದವರು ನೀವು, ತೀರ್ಪುಗಾರರಾಗಿ ಬರಬೇಕು" ಅಂದರು. ಯಾವ ಸಂಘ ಅಂತ ಇಲ್ಲಿ ಬರೆಯುವುದಿಲ್ಲ. ಬರೆದರೆ ಉಳಿದ ಸಂಘದವರು "ನಮ್ಮದಲ್ಲ ಬಿಡು" ಅಂತ ಪತ್ರ ಮಡಚಿಡುತ್ತಾರೆ. ಹೆಚ್ಚುಕಡಿಮೆ ಎಲ್ಲಾ ಕಡೆ ಇದೇ ಕಥೆ ಅಂತ ನನಗೆ ಗೊತ್ತು. ನಿಮ್ಮೆಲ್ಲರ ಆಮಂತ್ರಣ ಪತ್ರಿಕೆಯ ಪ್ರೂಫ್ ನೋಡಿದವಳು ನಾನೇ ಅಲ್ವಾ!

ನನಗೂ ಆಸೆಯಾಯಿತು, ಸುಳ್ಳು ಯಾಕೆ ಹೇಳಲಿ. ಇಷ್ಟು ವರ್ಷ ಕವಿಗಳು ನನ್ನ ಮೇಜಿನ ಮುಂದೆ ನಿಂತು "ಅದೊಂದು ಕಾಮಾ ತೆಗೀರಿ ಅಕ್ಕಾ" ಅನ್ನುತ್ತಿದ್ದರು. ಒಂದು ದಿನವಾದರೂ ಕುರ್ಚಿಯಲ್ಲಿ ಕೂತು "ಈ ಕವನ ಚೆನ್ನಾಗಿದೆ" ಅನ್ನುವ ಅಧಿಕಾರ ಸಿಕ್ಕಿತಲ್ಲ ಅಂತ ಇಸ್ತ್ರಿ ಸೀರೆ ಉಟ್ಟುಕೊಂಡು ಹೋದೆ.

ಒಂದು ಶಾಲೆಯ ಕೊಠಡಿ. ಮೂರು ಕುರ್ಚಿ. ಮೇಜಿನ ಮೇಲೆ ದಾರ ಕಟ್ಟಿದ ಒಂದು ಕಟ್ಟು. ಒಟ್ಟು 112 ಕವನ. ನಾವು ಕೂತಾಗ ಬೆಳಗ್ಗೆ ಹತ್ತೂ ಮುಕ್ಕಾಲು. ಒಂದೂ ಕಾಲಿಗೆ ಪಟ್ಟಿ ಕೊಡಬೇಕು, ಪ್ರಮಾಣಪತ್ರದಲ್ಲಿ ಹೆಸರು ಬರೆಸಬೇಕು, ಮೂರಕ್ಕೆ ಸಭೆ. ಎರಡೂವರೆ ಗಂಟೆ ಅಂದರೆ 9000 ಸೆಕೆಂಡ್. ಭಾಗಿಸಿ ನೋಡಿ. ಒಂದು ಕವನಕ್ಕೆ 80 ಸೆಕೆಂಡ್. ಹದಿನಾರು ಪುಟದ ಒಂದು ಫಾರಂ ಪ್ರೂಫ್ ನೋಡಲಿಕ್ಕೆ ನಾನು ಒಂದು ಗಂಟೆ ತೆಗೆದುಕೊಳ್ಳುತ್ತಿದ್ದೆ, ಅದೂ ಬರೀ ಕಾಗುಣಿತಕ್ಕೆ.

ಒಬ್ಬ ಹಿರಿಯರು ಭಾಮಿನಿ ಷಟ್ಪದಿಯಲ್ಲಿ ಐದು ಪದ್ಯ ಬರೆದು ಕೊಟ್ಟಿದ್ದರು. ಮಾತ್ರೆ ಅಂದರೆ ಅಕ್ಷರ ಉಚ್ಚರಿಸುವ ಹೊತ್ತಿನ ಅಳತೆ. ಭಾಮಿನಿಯ ಆರು ಸಾಲಿನಲ್ಲಿ ಒಂದು, ಎರಡು, ನಾಲ್ಕು, ಐದನೇ ಸಾಲಿಗೆ 14 ಮಾತ್ರೆ. ಮೂರು ಮತ್ತು ಆರನೇ ಸಾಲಿಗೆ 23. ಒಂದು ಪದ್ಯಕ್ಕೆ 102 ಆಯಿತು, ಐದು ಪದ್ಯಕ್ಕೆ 510. ಅಷ್ಟನ್ನೂ 80 ಸೆಕೆಂಡಿನಲ್ಲಿ ಎಣಿಸುವವರು ಯಾರಾದರೂ ಇದ್ದರೆ ಅವರನ್ನು ಬ್ಯಾಂಕಿನ ಕ್ಯಾಶ್ ಕೌಂಟರಿನಲ್ಲಿ ಕೂರಿಸಿ, ಕವನ ಸ್ಪರ್ಧೆಯಲ್ಲಿ ಬೇಡ. ನಾನು ಆಮೇಲೆ, ಹಾಳೆಗಳನ್ನು ಮನೆಗೆ ತಂದಾಗ ಎಣಿಸಿದೆ. ಒಂದೇ ಒಂದು ಮಾತ್ರೆ ತಪ್ಪಿರಲಿಲ್ಲ. ಪದ್ಯ ಮಾತ್ರ ಗೊಂಬೆಗೆ ಸೀರೆ ಉಡಿಸಿದ ಹಾಗಿತ್ತು. ನೆರಿಗೆ ಸರಿಯಾಗಿದೆ, ಒಳಗೆ ಯಾರೂ ಇಲ್ಲ. ಆದರೆ ಅದನ್ನು ಹೇಳಬೇಕಾದರೂ ಮೊದಲು ಎಣಿಸಬೇಕು, ಆ ಹಿರಿಯರು ಪಟ್ಟ ಶ್ರಮಕ್ಕೆ ಅಷ್ಟಾದರೂ ಮರ್ಯಾದೆ ಕೊಡಬೇಕಲ್ಲ.

ಹನ್ನೆರಡಕ್ಕೆ ಮಂಡಕ್ಕಿ ಮೆಣಸಿನಕಾಯಿ ಬಂತು. ಪೇಪರಿನ ಮೇಲೆ ಸುರಿದು ಮಧ್ಯೆ ಇಟ್ಟರು. ನಮ್ಮೂರಿನಲ್ಲಿ ಇದನ್ನು ಬೇಡ ಅನ್ನುವವರು ಯಾರಿದ್ದಾರೆ? ಒಂದು ಕೈಯಲ್ಲಿ ಮಿರ್ಚಿ, ಇನ್ನೊಂದರಲ್ಲಿ ಪೆನ್ನು. ಅದರ ಗುರುತು ಆಮೇಲೆ ಹಾಳೆಗಳ ಮೇಲೆ ಸಿಕ್ಕಿತು, ಎಣ್ಣೆಯ ಹೆಬ್ಬೆಟ್ಟು. ಕವಿಯ ಹೆಸರಿನ ಪಕ್ಕದಲ್ಲೇ.

ಹೆಸರು ಅಂದೆನಲ್ಲ. ಪ್ರತಿ ಹಾಳೆಯ ಮೇಲೂ ಹೆಸರು, ಊರು, ಹೆಚ್ಚಿನವದರಲ್ಲಿ ವಿಳಾಸ, ಫೋನ್ ನಂಬರ್, ಕೆಲವದರಲ್ಲಿ ಫೋಟೊ ಕೂಡ ಇತ್ತು. ಒಂದರ ಕೆಳಗೆ "ಇವರು ನಮ್ಮ ಉಪಾಧ್ಯಕ್ಷರ ಸೊಸೆ" ಅಂತ ಪೆನ್ಸಿಲ್‌ನಲ್ಲಿ ಬರೆದಿತ್ತು. ಯಾರು ಬರೆದರೋ ಗೊತ್ತಿಲ್ಲ. ಆ ಸೊಸೆಯ ಕವನ ನಿಜಕ್ಕೂ ಚೆನ್ನಾಗಿಯೇ ಇತ್ತು. ಆದರೆ ಆ ಪೆನ್ಸಿಲ್ ಸಾಲು ಓದಿದ ಮೇಲೆ ಅದಕ್ಕೆ ಜಾಸ್ತಿ ಹಾಕಿದರೂ ಅನುಮಾನ, ಕಡಿಮೆ ಹಾಕಿದರೂ ಅನುಮಾನ. ಪಾಪ, ಅವಳಿಗೆ ಒಳ್ಳೆಯದು ಮಾಡಲು ಹೋಗಿ ಕೆಡಿಸಿದರು.

ಕವನಗಳ ವಿಷಯ ನಿಮಗೂ ಗೊತ್ತಿರುವುದೇ. ಕನ್ನಡಾಂಬೆ, ಅಮ್ಮ, ಅನ್ನದಾತ, ಮಳೆರಾಯ. ಎರಡು ಕವನ ಅಕ್ಷರಕ್ಕೆ ಅಕ್ಷರ ಒಂದೇ ಇದ್ದವು, ಊರು ಮಾತ್ರ ಬೇರೆ. ಎರಡೂ ವಾಟ್ಸಾಪ್‌ನಿಂದ ಇಳಿದವು. ಬಿಡಿ.

ಈಗ ಅಂಕಪಟ್ಟಿಗೆ ಬರೋಣ. ಐದು ಕಾಲಂ, ಒಂದೊಂದಕ್ಕೆ 20. ವಸ್ತು, ಭಾಷಾ ಶುದ್ಧಿ, ಪ್ರಾಸ-ಲಯ, ಭಾವ, ಕೈಬರಹ. ಐದನೆಯದನ್ನು ಇನ್ನೊಮ್ಮೆ ಓದಿ. ಕವನದ ನೂರು ಅಂಕದಲ್ಲಿ ಇಪ್ಪತ್ತು ಕೈಬರಹಕ್ಕೆ! ಪ್ರಬಂಧ ಸ್ಪರ್ಧೆಯ ಹಳೇ ಪಟ್ಟಿಯನ್ನೇ ಜೆರಾಕ್ಸ್ ಮಾಡಿಸಿ, ಮೇಲೆ "ಕವನ" ಅಂತ ಬರೆದಿದ್ದಾರೆ ಅನ್ನುವುದು ನೋಡಿದರೆ ಗೊತ್ತಾಗುತ್ತಿತ್ತು. ಡಿಟಿಪಿ ಮಾಡಿಸಿ ತಂದವರಿಗೆ ಈ ಇಪ್ಪತ್ತರಲ್ಲಿ ಎಷ್ಟು ಕೊಡಬೇಕು ಅಂತ ಕೇಳಿದೆ. "ಅವರಿಗೆ ಹದಿನೈದು ಹಾಕಿಬಿಡಿ ಅಕ್ಕಾ" ಅಂದರು. ಅದು ಯಾವ ಲೆಕ್ಕವೋ.

ಚಳ್ಳಕೆರೆ ತಾಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ನಿಮಗೆ ಗೊತ್ತಲ್ಲ. 1997ಕ್ಕೆ ಮುಂಚೆ ನಾವೂ ಅವರೂ ಒಂದೇ ಜಿಲ್ಲೆ. ಓದು ಬರಹ ಇಲ್ಲ, ಆದರೆ ಬಾಯಲ್ಲಿ ಸಾವಿರಾರು ಜನಪದ ಹಾಡು ಇಟ್ಟುಕೊಂಡಿದ್ದ ಜೀವ. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಕರೆದು ನಾಡೋಜ ಅಂತ ಗೌರವಿಸಿತು. ಆ ಅಜ್ಜಿಯನ್ನು ನಮ್ಮ ಕೊಠಡಿಯ ಮುಂದೆ ಕೂರಿಸಿದ್ದರೆ ಏನಾಗುತ್ತಿತ್ತು? ಕೈಬರಹಕ್ಕೆ ಸೊನ್ನೆ. ಭಾಷಾ ಶುದ್ಧಿಗೆ ನಾನು ಆರೋ ಏಳೋ ಹಾಕುತ್ತಿದ್ದೆ. ಸಮಾಧಾನಕರ ಬಹುಮಾನವೂ ಸಿಗುತ್ತಿರಲಿಲ್ಲ.

ಅಂಕ ಕೂಡಿಸುವುದರಲ್ಲಿ ಇನ್ನೊಂದು ಮೋಸ ಇದೆ. ಬೇಕಂತ ಯಾರೂ ಮಾಡಿದ್ದಲ್ಲ. ಲೆಕ್ಕದೊಳಗೇ ಕೂತಿರುವ ಮೋಸ ಅದು. ಮೂವರಲ್ಲಿ ಇಬ್ಬರು ತೀರ್ಪುಗಾರರು ಯಾರ ಮನಸ್ಸೂ ನೋಯಿಸದವರು. ಚೆನ್ನಾಗಿದ್ದರೆ 76, ಚೆನ್ನಾಗಿಲ್ಲದಿದ್ದರೆ 68. ಎಲ್ಲಾ ಆ ಎಂಟು ಅಂಕದ ಒಳಗೇ. ಮೂರನೆಯವರದು ಬೇರೆ ಥರ. ಮೆಚ್ಚಿದರೆ 88, ಮೆಚ್ಚದಿದ್ದರೆ 40. ಈಗ ಮೂವರದ್ದೂ ಕೂಡಿಸಿ. ಒಂದು ಕವನಕ್ಕೆ 88, 70, 71 ಬಂತು. ಒಟ್ಟು 229. ಇನ್ನೊಂದಕ್ಕೆ 62, 75, 76 ಬಂತು. ಒಟ್ಟು 213. ಎರಡನೇ ಕವನವನ್ನು ಇಬ್ಬರು ಹೆಚ್ಚು ಮೆಚ್ಚಿದ್ದಾರೆ. ಅವರ ಪಟ್ಟಿಯಲ್ಲಿ ಅದೇ ತುದಿಯಲ್ಲಿದೆ. ಆದರೂ ಗೆದ್ದದ್ದು ಮೊದಲನೆಯದು, ಅದೂ 16 ಅಂಕದಿಂದ. ಮೂವರು ಕೂತು ತೀರ್ಪು ಕೊಟ್ಟೆವು ಅಂತ ವೇದಿಕೆಯಲ್ಲಿ ಹೇಳಿದರು. ನಿಜವಾಗಿ ತೀರ್ಪು ಕೊಟ್ಟದ್ದು ಒಬ್ಬರೇ.

ಆ ಒಬ್ಬರು ನಾನು.

ಮೂರು ಗಂಟೆಯ ಸಭೆ ನಾಲ್ಕೂಕಾಲಿಗೆ ಶುರುವಾಯಿತು. ಫ್ಲೆಕ್ಸ್‌ನಲ್ಲಿ ನನ್ನ ಫೋಟೊ, ಕೆಳಗೆ "ತಿರ್ಪುಗಾರರು" ಅಂತ. ದೀರ್ಘ ಇಲ್ಲ. ಮೂವತ್ತು ವರ್ಷ ಪ್ರೂಫ್ ನೋಡಿದವಳ ಹಣೆಬರಹ ನೋಡಿ. ಶಾಲು, ಹಾರ, ಪೇಟ, ನೆನಪಿನ ಕಾಣಿಕೆ ಎಲ್ಲಾ ಆಯಿತು. ಅತಿಥಿಗಳು ಒಬ್ಬೊಬ್ಬರೂ ಅರ್ಧ ಗಂಟೆಗೆ ಕಡಿಮೆ ಮಾತಾಡಲಿಲ್ಲ. ಬಹುಮಾನ ಬಂದ ಮೂವರಿಗೆ ಕವನ ಓದಲು ಎರಡೆರಡು ನಿಮಿಷ ಕೊಟ್ಟರು. ಮೂರನೆಯವರು ಓದುವಾಗ ಹಿಂದೆ ಕುರ್ಚಿ ಮಡಚುವ ಸದ್ದು ಶುರುವಾಗಿತ್ತು.

ಮೆಟ್ಟಿಲು ಇಳಿದು ಬರುವಾಗ ಒಂದು ಹುಡುಗಿ ಅಡ್ಡ ಬಂದಳು. ಪಿಯುಸಿ ಓದುವ ವಯಸ್ಸು. ಕೈಯಲ್ಲಿ ಭಾಗವಹಿಸಿದ ಪ್ರಮಾಣಪತ್ರ, ಸುರುಳಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದ್ದಳು.

"ಮೇಡಂ, ನಂದ್ಯಾಕೆ ಬರ್ಲಿಲ್ರಿ? ಏನು ತಪ್ಪಿತ್ತು ಹೇಳ್ರಿ, ಮುಂದಿನ ಸಲ ಸರಿ ಮಾಡ್ಕೋತೀನಿ."

"ಯಾವುದಮ್ಮಾ ನಿಂದು?"

"ಮೆಕ್ಕೆಜೋಳದ್ದು ಮೇಡಂ."

ನನಗೆ ನೆನಪಿಗೆ ಬರಲಿಲ್ಲ. ಮೆಕ್ಕೆಜೋಳದ್ದು ಒಂದಿತ್ತೋ ಎರಡಿತ್ತೋ ಅದೂ ನೆನಪಿಲ್ಲ. 112ರಲ್ಲಿ ಅವಳದ್ದನ್ನು ನಾನು ನಾಲ್ಕು ಗಂಟೆ ಹಿಂದೆ ಓದಿದ್ದೆ. ಅಂಕ ಹಾಕಿದ್ದೆ. ಒಂದು ಪದವೂ ತಲೆಯಲ್ಲಿ ಇರಲಿಲ್ಲ.

"ಚೆನ್ನಾಗಿತ್ತಮ್ಮಾ, ಇನ್ನೂ ಬರೀತಾ ಇರು" ಅಂದೆ.

ಹುಡುಗಿ ತಲೆ ಆಡಿಸಿದಳು. ಅವಳಿಗೆ ಗೊತ್ತಾಗಿಹೋಯಿತು ಅಂತ ನನಗೂ ಗೊತ್ತಾಯಿತು. ಸ್ವಲ್ಪ ದೂರದಲ್ಲಿ ಟವೆಲ್ ಹೆಗಲ ಮೇಲೆ ಹಾಕಿಕೊಂಡು ಒಬ್ಬರು ನಿಂತಿದ್ದರು. "ಬಾರವ್ವ, ಜಗಳೂರು ಬಸ್ ತಪ್ಪತೈತೆ" ಅಂದರು. ಇಬ್ಬರೂ ಬೇಗಬೇಗ ಹೊರಟರು. ನಾನು ಶಾಲು ಮಡಚಿ ಬ್ಯಾಗಿಗೆ ತುರುಕಿದೆ.

ಎರಡು ದಿನ ನಿದ್ದೆ ಸರಿಯಾಗಿ ಬರಲಿಲ್ಲ ಅಂದರೆ ನಾಟಕ ಅನ್ನಿಸಬಹುದು. ನಿದ್ದೆ ಬಂತು. ಆದರೆ ಊಟಕ್ಕೆ ಕೂತಾಗ, ಪಾತ್ರೆ ತೊಳೆಯುವಾಗ ಆ ಹುಡುಗಿಯ ಪ್ರಶ್ನೆ ಬಂದು ನಿಲ್ಲುತ್ತಿತ್ತು. ಮೂರನೇ ದಿನ ಸಂಘದವರಿಗೆ ಫೋನ್ ಮಾಡಿದೆ. ಕವನಗಳ ಹಾಳೆ ಎಲ್ಲಿವೆ ಅಂತ ಕೇಳಿದೆ. ಅವರಿಗೆ ಅರ್ಥವೇ ಆಗಲಿಲ್ಲ. "ಅದು ಮುಗೀತಲ್ಲ ಅಕ್ಕಾ" ಅಂದರು. ನಾನೇ ಹೋದೆ. ಫ್ಲೆಕ್ಸ್ ಸುರುಳಿಗಳ ಹಿಂದೆ ಒಂದು ರಟ್ಟಿನ ಡಬ್ಬದಲ್ಲಿ ಬಿದ್ದಿದ್ದವು. ರದ್ದಿಗೆ ಹೋಗಲು ಇನ್ನೂ ಮುಹೂರ್ತ ಬಂದಿರಲಿಲ್ಲ ಅಷ್ಟೇ. ಕೇಳಿ ಮನೆಗೆ ತಂದೆ.

ಮೆಕ್ಕೆಜೋಳದ್ದು ಒಂದೇ ಇತ್ತು. ನೋಟ್‌ಬುಕ್ಕಿನಿಂದ ಹರಿದ ಗೆರೆ ಹಾಳೆ, ನೀಲಿ ಬಾಲ್‌ಪೆನ್. ಕೈಬರಹ ಸುಮಾರು. ಮೊದಲ ನಾಲ್ಕು ಸಾಲು ಹೀಗಿವೆ:

ಮೆಕ್ಕೆಜೋಳದ ರಾಶಿ ಪಕ್ಕ
ಮಕ್ಕಂಡಾನೆ ನಮ್ಮಪ್ಪ
ಲೆಕ್ಕ ಹಾಕ್ತಾನೆ ಹೋಗೋ ಲಾರಿನ
ಚುಕ್ಕಿ ಎಣಿಸಿದ ಹಂಗೆ

"ಮಕ್ಕಂಡಾನೆ" ಅನ್ನುವ ಪದದ ಮೇಲೆ ಕೆಂಪು ಗೀಟು. ಅಂಚಿನಲ್ಲಿ ನನ್ನದೇ ಅಕ್ಷರದಲ್ಲಿ "ಮಲಗಿದ್ದಾನೆ". ಕೆಳಗೆ ಅಂಕ: ವಸ್ತು 15, ಭಾಷಾ ಶುದ್ಧಿ 8, ಪ್ರಾಸ-ಲಯ 13, ಭಾವ 16, ಕೈಬರಹ 10. ಒಟ್ಟು 62. ಮೇಲೆ ಹೇಳಿದೆನಲ್ಲ 62, 75, 76 ಅಂತ, ಆ ಕವನ ಇದೇ. ಮೂರನೇ ಬಹುಮಾನ ನಿಂತದ್ದು 215ಕ್ಕೆ. ಇದಕ್ಕೆ ಬಂದದ್ದು 213.

ಈಗ ನಿಧಾನವಾಗಿ ಓದಿದೆ. 80 ಸೆಕೆಂಡ್ ಅಲ್ಲ, ಅರ್ಧ ಗಂಟೆ. ನಾಲ್ಕೂ ಸಾಲಿನ ಎರಡನೇ ಅಕ್ಷರ ನೋಡಿ. ಮೆಕ್ಕೆ, ಮಕ್ಕಂ, ಲೆಕ್ಕ, ಚುಕ್ಕಿ. ನಾಲ್ಕರಲ್ಲೂ "ಕ್ಕ"ದ ಒತ್ತು. ಆದಿಪ್ರಾಸ. ಹಳೇ ಕವಿಗಳು ಬಿಡದೆ ಪಾಲಿಸುತ್ತಿದ್ದದ್ದು ಇದನ್ನೇ. ಷಟ್ಪದಿಯಲ್ಲಿ ಇರಬೇಕು, ತ್ರಿಪದಿಯಲ್ಲಿ ಇರುತ್ತದೆ, ಬೀಸುವ ಪದದಲ್ಲೂ ತಾನಾಗಿ ಬರುತ್ತದೆ. ಈ ಹುಡುಗಿಗೆ ಅದರ ಹೆಸರು ಗೊತ್ತಿತ್ತೋ ಇಲ್ಲವೋ, ಕಿವಿಗೆ ಗೊತ್ತಿತ್ತು. ನಾನು "ಮಲಗಿದ್ದಾನೆ" ಅಂತ ತಿದ್ದಿದ ತಕ್ಷಣ ಎರಡನೇ ಸಾಲಿನ ಕೊಂಡಿ ಕಳಚಿತು. ಕಳಚಿದವಳು ನಾನು, ಪ್ರಾಸಕ್ಕೆ 13 ಹಾಕಿದವಳೂ ನಾನೇ.

ಮಾತ್ರೆ ಎಣಿಸಿ ನೋಡಿದೆ. ಮಕ್ಕಂಡಾನೆ ಏಳು ಮಾತ್ರೆ. ಮಲಗಿದ್ದಾನೆ ಅದೂ ಏಳೇ. ಅಂದರೆ ಲೆಕ್ಕ ಹಾಕಿದ್ದರೂ ತಪ್ಪು ಸಿಕ್ಕುತ್ತಿರಲಿಲ್ಲ. ಜೋರಾಗಿ ಓದಿದ್ದರೆ ಮಾತ್ರ ಸಿಕ್ಕುತ್ತಿತ್ತು. ಆ ಕೊಠಡಿಯಲ್ಲಿ ನಾವು ಮೂವರೂ ಒಂದೇ ಒಂದು ಕವನವನ್ನೂ ಬಾಯಿಬಿಟ್ಟು ಓದಿರಲಿಲ್ಲ.

ಕವನದಲ್ಲಿ ಕುಂದಿಲ್ಲ ಅಂತ ಹೇಳುತ್ತಿಲ್ಲ. ಸಾಲುಗಳ ಅಳತೆ ಒಂದೇ ಸಮ ಇಲ್ಲ. ಕೊನೆಯ ಎರಡು ಪದ್ಯದಲ್ಲಿ ರೈತ ದೇಶದ ಬೆನ್ನೆಲುಬು, ಸರ್ಕಾರ ಕಣ್ಣು ತೆರೆಯಲಿ ಅಂತೆಲ್ಲಾ ಬಂದುಬಿಡುತ್ತದೆ. ಯಾರೋ ಮೇಷ್ಟ್ರು ಸೇರಿಸು ಅಂದಿರಬೇಕು. ಆದರೆ ಮೊದಲ ಪದ್ಯ ಬೇರೆಯವರು ಬರೆಯಲಿಕ್ಕೆ ಆಗುವಂಥದ್ದಲ್ಲ. ರಾಜ್ಯೋತ್ಸವದ ಹೊತ್ತಿಗೆ ಜಗಳೂರು ಕಡೆ ರಸ್ತೆಯಲ್ಲಿ ಹೋಗಿ ನೋಡಿ. ಡಾಂಬರಿನ ಅರ್ಧ ಭಾಗ ಹಳದಿ. ಕಣ ಮಾಡುವವರು ಈಗ ಕಡಿಮೆ, ಜೋಳ ಒಣಗುವುದು ರಸ್ತೆಯ ಮೇಲೆ. ತೇವಾಂಶ 14ಕ್ಕಿಂತ ಜಾಸ್ತಿ ಇದ್ದರೆ ಮಂಡಿಯಲ್ಲಿ ರೇಟು ಇಳಿಸುತ್ತಾರೆ. ರಾತ್ರಿ ರಾಶಿ ಮಾಡಿ, ತಾಡಪಾಲು ಹೊದಿಸಿ, ಸುತ್ತ ಕಲ್ಲು ಇಟ್ಟು, ಪಕ್ಕದಲ್ಲಿ ಒಬ್ಬರು ಮಲಗುತ್ತಾರೆ. ಮಲಗುತ್ತಾರೆ ಅಂದರೆ ಮಲಗುವುದಿಲ್ಲ. ಲಾರಿ ಹೋದಾಗೆಲ್ಲಾ ಎಚ್ಚರ. ಅದನ್ನೇ ಆ ಹುಡುಗಿ "ಲೆಕ್ಕ ಹಾಕ್ತಾನೆ" ಅಂದಿದ್ದು. ಟವೆಲ್ ಹಾಕಿಕೊಂಡು ನಿಂತಿದ್ದವರಿಗೆ ಬಸ್ಸಿನ ಅವಸರ ಯಾಕಿತ್ತು ಅಂತ ನನಗೆ ಆಗ ಹೊಳೆಯಿತು.

ನಾನು ನೋಡಿದ್ದು ಅಕ್ಷರ. ಸ್ಟಿಕ್ಕು ಬಿಟ್ಟು ಎಷ್ಟೋ ವರ್ಷವಾದರೂ ಕಣ್ಣು ಬಿಟ್ಟಿಲ್ಲ.

ತಪ್ಪು ನನ್ನದು, ಒಪ್ಪಿದೆ. ಆದರೆ "ಭಾಷಾ ಶುದ್ಧಿ 20" ಅಂತ ಕಾಲಂ ಕೊಟ್ಟು ಕೆಂಪು ಪೆನ್ನು ಕೈಗಿಟ್ಟದ್ದು ನೀವು. ನಮ್ಮ ಜಿಲ್ಲೆ ಯಾವುದರಿಂದ ಆಗಿದ್ದು ನೆನಪು ಮಾಡಿಕೊಳ್ಳಿ. ದಾವಣಗೆರೆ, ಹರಿಹರ, ಜಗಳೂರು ಚಿತ್ರದುರ್ಗದಿಂದ ಬಂದವು. ಹೊನ್ನಾಳಿ, ಚನ್ನಗಿರಿ ಶಿವಮೊಗ್ಗದಿಂದ. ಹರಪನಹಳ್ಳಿ ಬಳ್ಳಾರಿಯಿಂದ ಬಂತು, ಈಗ ವಿಜಯನಗರಕ್ಕೆ ಹೋಗಿದೆ. ಹರಿಹರದಲ್ಲಿ ಹೊಳೆ ದಾಟಿದರೆ ಮಾತಿನ ಧಾಟಿಯೇ ಬೇರೆ. ಇಷ್ಟು ಕನ್ನಡ ಇಟ್ಟುಕೊಂಡು ಶುದ್ಧ ಅಂತ ಯಾವುದಕ್ಕೆ ಅಂಕ ಹಾಕುವುದು? ಕಾಗುಣಿತದ ತಪ್ಪು ಬೇರೆ, ಊರಿನ ಮಾತು ಬೇರೆ. ಇದು ನನ್ನಂಥ ಪ್ರೂಫ್‌ನವಳಿಗೇ ಗೊತ್ತಾಗದಿದ್ದರೆ ಇನ್ಯಾರಿಗೆ ಗೊತ್ತಾಗಬೇಕು ಅಂತ ನನಗೆ ನಾನೇ ಬೈದುಕೊಂಡೆ.

ಗೆದ್ದವರ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ, ಅವರ ಬಹುಮಾನ ಕಿತ್ತುಕೊಳ್ಳಿ ಅನ್ನುತ್ತಲೂ ಇಲ್ಲ. 229 ಬಂದ ಕವನ ಅಮ್ಮನ ಬಗ್ಗೆ. ಒಂದು ತಪ್ಪಿಲ್ಲ. ನನ್ನ 88 ಅದಕ್ಕೇ ಬಿದ್ದದ್ದು. ಡಬ್ಬ ತೆಗೆಯುವ ಮುಂಚೆ ಅದರ ಒಂದು ಸಾಲು ನೆನಪು ಮಾಡಿಕೊಳ್ಳಲು ನೋಡಿದೆ. ಆಗಲಿಲ್ಲ.

ಈಗ ನಿಮ್ಮನ್ನು ಕೇಳುವುದು ಇಷ್ಟು. ಕವನ ತಲುಪಲು ಅಕ್ಟೋಬರ್ 10 ಕೊನೆ ದಿನ ಅಂತ ಮಾಡಿ, ತೀರ್ಪುಗಾರರಿಗೆ ಎರಡು ವಾರ ಕೊಡಿ. ಹಾಳೆ ಮನೆಗೆ ಕಳಿಸಿ. ಮಂಡಕ್ಕಿ ನಮ್ಮ ಖರ್ಚಿನಲ್ಲೇ ತಿನ್ನುತ್ತೇವೆ. ಹೆಸರಿರುವ ಹಾಳೆ ನೀವು ಇಟ್ಟುಕೊಂಡು, ಕವನಕ್ಕೆ ಬರೀ ನಂಬರ್ ಹಾಕಿ ಕೊಡಿ. ಇದು ಹತ್ತನೇ ಕ್ಲಾಸ್ ಪರೀಕ್ಷೆಗೆ ಆಗುತ್ತದೆ ಅಂದರೆ ನಮಗೂ ಆಗುತ್ತದೆ. ಅಂಕ ಕೂಡಿಸುವುದು ಬೇಡವೇ ಬೇಡ. ಒಬ್ಬೊಬ್ಬರೂ ತಮಗೆ ಹಿಡಿಸಿದ ಹತ್ತು ಕವನ ಆರಿಸಿಕೊಂಡು ಬರಲಿ. ಒಂದು ಮಧ್ಯಾಹ್ನ ಮೂವರೂ ಕೂತು ಆ ಕವನಗಳನ್ನು ಜೋರಾಗಿ ಓದಲಿ, ಬೇಕಾದರೆ ಜಗಳ ಆಡಲಿ. "ಈ ಸಾಲು ನಿಮಗೆ ಯಾಕೆ ಹಿಡಿಸಿತು?" ಅಂತ ಆ ಇಬ್ಬರನ್ನು ನಾನು ಒಮ್ಮೆ ಕೇಳಿದ್ದರೂ ಸಾಕಿತ್ತು, ಅವರು ಹೇಳುತ್ತಿದ್ದರು. ಇಬ್ಬರೂ ಒಳ್ಳೆಯ ಓದುಗರು. ನಾವು ಪಟ್ಟಿ ತುಂಬುವುದರಲ್ಲಿ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು, ಕವನ ಕಳಿಸಿದ ಪ್ರತಿಯೊಬ್ಬರಿಗೂ ತೀರ್ಪುಗಾರರಿಂದ ಒಂದು ಸಾಲು ಹೋಗಬೇಕು. ಗೆದ್ದವರಿಗೆ ಶಾಲು ಇದೆ. ಸೋತವರಿಗೆ ಏನಿದೆ? ಹೆಸರು ಖಾಲಿ ಬಿಟ್ಟು ಅಚ್ಚು ಹಾಕಿಸಿದ ಪ್ರಮಾಣಪತ್ರ. ಬಂದವರು 112 ಜನ, ಸೋತವರು 109. ಸ್ಪರ್ಧೆ ಅಂದರೆ ಹೆಚ್ಚಾಗಿ ಅವರದ್ದೇ ತಾನೆ. "ನಿಮ್ಮ ಮೂರನೇ ಸಾಲು ಚೆನ್ನಾಗಿದೆ, ಆರನೆಯದು ಬೇಡವಾಗಿತ್ತು." ಇಷ್ಟೇ ಸಾಕು. ಇಷ್ಟು ಬರೆಯಬೇಕು ಅಂತ ಗೊತ್ತಿದ್ದರೆ ತೀರ್ಪುಗಾರರು ಓದಲೇಬೇಕಾಗುತ್ತದೆ. 62 ಅಂತ ಬರೆಯುವುದಕ್ಕೆ ಓದಬೇಕಾಗಿಲ್ಲ, ನಾನೇ ಸಾಕ್ಷಿ.

"ಅಷ್ಟೆಲ್ಲಾ ಯಾರು ಬರೀತಾರೆ ಅಕ್ಕಾ, ಖರ್ಚು ಎಷ್ಟಾಗುತ್ತೆ?" ಅಂತ ನೀವು ಕೇಳುತ್ತೀರಿ. ಫೋನಿನಲ್ಲಿ ಆಗಲೇ ಕೇಳಿದಿರಿ. ಪೋಸ್ಟ್ ಕಾರ್ಡ್ ಈಗಲೂ 50 ಪೈಸೆ. 112 ಕಾರ್ಡಿಗೆ 56 ರೂಪಾಯಿ. ಖಜಾಂಚಿಗಳೇ, ನನಗೆ ಹೊದಿಸಿದ ಶಾಲಿನ ಬಿಲ್ಲು ತೆಗೆದು ನೋಡಿ.

ಈ ಸಲದ್ದನ್ನು ನಾನೇ ಶುರು ಮಾಡಿದ್ದೇನೆ. ಅಂಚೆ ಕಚೇರಿಯಲ್ಲಿ 112 ಕಾರ್ಡು ಕೇಳಿದಾಗ ಕೌಂಟರಿನ ಹುಡುಗ ಎರಡು ಸಲ "ಎಷ್ಟು?" ಅಂದ. ದಿನಕ್ಕೆ ಐದಾರು ಬರೆಯುತ್ತೇನೆ, ಜಾಸ್ತಿ ಆಗುವುದಿಲ್ಲ. ಒಂದೊಂದನ್ನೂ ಎರಡು ಸಲ ಜೋರಾಗಿ ಓದಿ ಬರೆಯಬೇಕಲ್ಲ. ಮನೆಯವರು ಮೊದಲು ನಕ್ಕರು. ಈಗ ಸಂಜೆ ಕಾಫಿ ಹಿಡಿದು ಬಂದು, "ಇವತ್ತು ಯಾವುದು ಓದು ನೋಡೋಣ" ಅಂತ ಕೂರುತ್ತಾರೆ. ಷಟ್ಪದಿಯ ಹಿರಿಯರಿಗೆ 510 ಮಾತ್ರೆಯೂ ಸರಿ ಇವೆ ಅಂತ ಬರೆದೆ. ಗೊಂಬೆಯ ಮಾತನ್ನು ಸ್ವಲ್ಪ ಮೆತ್ತಗೆ ಮಾಡಿ ಬರೆದೆ. ಅವರಿಂದ ನಾಲ್ಕು ಪುಟದ ಉತ್ತರ ಬಂದಿದೆ, ಷಟ್ಪದಿಯಲ್ಲೇ! ಸಿಟ್ಟಿದೆ, ಆದರೆ ಈ ಸಲ ಪದ್ಯದಲ್ಲಿ ಜೀವ ಇದೆ. ಉಪಾಧ್ಯಕ್ಷರ ಸೊಸೆಗೂ ಬರೆದೆ. ಪೆನ್ಸಿಲ್ ಸಾಲನ್ನು ರಬ್ಬರಿನಲ್ಲಿ ಅಳಿಸಿದ ಮೇಲೆ.

ಜಗಳೂರು ಕಡೆಯ ಹುಡುಗಿಗೆ ಮಾತ್ರ ಕಾರ್ಡು ಬರೆಯಲಿಲ್ಲ. ಅವಳ ಹಾಳೆಯನ್ನೇ ಕವರಿಗೆ ಹಾಕಿ, 5 ರೂಪಾಯಿ ಸ್ಟಾಂಪು ಹಚ್ಚಿ ಕಳಿಸಿದೆ. ಜೊತೆಗೆ ಒಂದು ಚೀಟಿ. ಆದಿಪ್ರಾಸ ಅಂದರೆ ಏನು ಅಂತ ನಾಲ್ಕು ಸಾಲು, ಕೊನೆಯ ಎರಡು ಪದ್ಯ ಬೇಡವಾಗಿತ್ತು ಅಂತ ಒಂದು ಸಾಲು, ನಿನ್ನ ಕವನ ಓದದೇ ಚೆನ್ನಾಗಿದೆ ಅಂದೆ ಅಂತ ಒಂದು ಸಾಲು. "ಮಕ್ಕಂಡಾನೆ" ಮೇಲಿನ ಕೆಂಪು ಗೀಟನ್ನು ಅಳಿಸಲು ಆಗುವುದಿಲ್ಲ. ಅದಕ್ಕೆ ಆ ಪದದ ಕೆಳಗೆ ಸಾಲಾಗಿ ಚುಕ್ಕಿ ಇಟ್ಟೆ. ಪ್ರೆಸ್ಸಿನಲ್ಲಿ ಕೆಲಸ ಮಾಡಿದವರಿಗೆ ಅದರ ಅರ್ಥ ಗೊತ್ತು. ಅವಳಿಗೆ ಗೊತ್ತಿರಲಿ ಅಂತ ಅಂಚಿನಲ್ಲಿ ಬರೆದೆ: "ಹೊಡೆದು ಹಾಕಿದ್ದು ತಪ್ಪು. ಇದ್ದ ಹಾಗೇ ಇರಲಿ."

ಇನ್ನು 41 ಕಾರ್ಡು ಬಾಕಿ ಇವೆ. ಅದರಲ್ಲಿ ಏಳು ಹಾಳೆಗೆ ವಿಳಾಸ ಪೂರ್ತಿ ಇಲ್ಲ, ಬರೀ ಊರಿನ ಹೆಸರಿದೆ. ನಿಮ್ಮ ರಿಜಿಸ್ಟರಿನಲ್ಲಿ ಇದ್ದರೆ ಒಂದು ಫೋನ್ ಮಾಡಿ ತಿಳಿಸಿ. ಮುಂದಿನ ವರ್ಷ ಕರೆಯುವುದಾದರೆ ಸೆಪ್ಟೆಂಬರ್‌ನಲ್ಲೇ ಕರೆಯಿರಿ. ಫ್ಲೆಕ್ಸ್ ಅಚ್ಚಿಗೆ ಹೋಗುವ ಮುಂಚೆ ನನಗೊಮ್ಮೆ ತೋರಿಸಿ, ದುಡ್ಡು ಕೇಳುವುದಿಲ್ಲ.

ಇಂತಿ ನಿಮ್ಮ ವಿಶ್ವಾಸಿ,
ಈ ಸಲದ ಮೂವರು ತೀರ್ಪುಗಾರರಲ್ಲಿ ಒಬ್ಬಳು
ದಾವಣಗೆರೆ